ಮೂರನೇ ಜ್ವರ

ಮೊದಲ ಪೀರಿಯಡ್ಡಿಗೆ ಮುಂಚೆ ಕರಿಹಲಗೆ ಒರೆಸಿ, ಒದ್ದೆ ಬಟ್ಟೆಯ ಗುರುತು ಆರುವವರೆಗೆ ಕಾಯುವುದು ನನಗೆ ಬಲು ಇಷ್ಟ. ಆರಿದ ಹಲಗೆಯ ಮೇಲೆ ಮೊದಲ ಗೆರೆ ಎಳೆದಾಗ ಸೀಮೆಸುಣ್ಣ ಬೆರಳಿನಲ್ಲಿ ಸಣ್ಣಗೆ ಅದುರುತ್ತದೆ. ಹಿಂದಿನ ಸಾಲಿನ ಪಿಸುಮಾತು ನಿಲ್ಲುತ್ತದೆ. ಪಾಠ ಹೇಳುವ ಸುಖ ಅಲ್ಲಿಂದಲೇ ಶುರು.

ಮಸ್ಕತ್ತಿನ ಶಾಲೆಯೊಂದರಲ್ಲಿ ಎರಡು ವರ್ಷ ವಿಜ್ಞಾನ ಕಲಿಸಿ, ಶಿಡ್ಲಘಟ್ಟದ ಹತ್ತಿರದ ಸರ್ಕಾರಿ ಶಾಲೆಗೆ ಬಂದವನು ನಾನು. ಅಲ್ಲಿ ತಣ್ಣನೆಯ ಕೋಣೆ, ಇಬ್ಬರಿಗೊಂದು ಸೂಕ್ಷ್ಮದರ್ಶಕ. ಇಲ್ಲಿ ಆರು, ಏಳನೇ ತರಗತಿಗಳಿಗೆ ಒಂದೇ ಕೋಣೆ. ಬೀರುವಿನಲ್ಲಿ ಒಂದು ಭೂತಗನ್ನಡಿ, ಬಾಯಿ ಒಡೆದ ಎರಡು ಬೀಕರು. ಮನೆಯಲ್ಲಿ ತೆಲುಗಾಡುವ ಎಷ್ಟೋ ಮಕ್ಕಳಿಗೆ ಪುಸ್ತಕದ ಕನ್ನಡವೂ ಹೊಸದು.

ಒಂದು ದಿನ ಕೀಟಗಳು ಪೊರೆ ಬಿಡುವ ಪಾಠ. ಮಸ್ಕತ್ತಿನಲ್ಲಿ ಇದಕ್ಕೆ ವಿಡಿಯೊ ತೋರಿಸಿದ್ದೆ. ಮಕ್ಕಳು ನೋಡಿ, ಸರಿಯಾದ ಉತ್ತರ ಬರೆದಿದ್ದರು. ಇಲ್ಲಿ ಹಲಗೆಯ ಮೇಲೆ ‘ಪೊರೆ’ ಎಂದು ಬರೆಯುತ್ತಲೇ ಒಬ್ಬ ಹುಡುಗಿ ಎದ್ದಳು: “ಸಾರ್, ನಮ್ ಹುಳ ಮೂರನೇ ಜ್ವರಕ್ಕೆ ಕೂತವೆ.”

ನಮ್ಮ ಕಡೆ ರೇಷ್ಮೆಹುಳು ಮೇವು ಬಿಟ್ಟು, ತಲೆಯೆತ್ತಿ, ಪೊರೆ ಬಿಡಲು ಅಲುಗಾಡದೆ ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಹೀಗೆ ನಾಲ್ಕು ಜ್ವರ ಕಳೆದು, ಮತ್ತೆ ಸೊಪ್ಪು ಮೇದು ಹಣ್ಣಾದ ಹುಳು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಹೋಗಿ, ನೂರಾರು ಮೀಟರಿನ ಒಂದೇ ಎಳೆಯಲ್ಲಿ ಗೂಡು ಕಟ್ಟುತ್ತದೆ. ಇದೆಲ್ಲ ಆ ಮಕ್ಕಳಿಗೆ ಕರತಲಾಮಲಕ. ಮರುದಿನ ಟಿಫನ್ ಡಬ್ಬಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಐದಾರು ಹುಳು ಬಂದವು. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಹುಳು ಬೆಳೆದಷ್ಟು ಚರ್ಮ ಹಿಗ್ಗದು, ಅದಕ್ಕೇ ಕಳಚಬೇಕು ಎಂದೆ.

“ಮತ್ತೆ ನಾವ್ಯಾಕೆ ಬಿಡಲ್ಲ ಸಾರ್?”

ನಾವೂ ಬಿಡುತ್ತೇವೆ, ಚೂರುಚೂರಾಗಿ, ದಿನಾ ಎಂದೆ. ಮಕ್ಕಳೆಲ್ಲ ಒಣಗಿದ ಮೊಣಕೈ ಉಜ್ಜಿ ನೋಡಿಕೊಂಡರು. ಆ ಪ್ರಶ್ನೆಯ ಸವಿ ಇನ್ನೂ ನನ್ನ ನಾಲಗೆಯ ಮೇಲಿದೆ.

ಮಕ್ಕಳು ಇಂಥ ಪ್ರಶ್ನೆ ಕೇಳಿದಾಗೆಲ್ಲ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಓದುವುದಕ್ಕೆಂದು ಬೆಂಗಳೂರಿಗೆ ನಡೆದೇ ಹೋದ ಹುಡುಗ ಅವರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಮರಳಿದರು. ಖಾದಿ ಉಟ್ಟು, ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಗಳಿಗೂ ಕಾಲೇಜು ಬಂದದ್ದು ಅವರ ಶ್ರಮದಿಂದ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿದರು.

ಕೊರತೆಯನ್ನು ನಾನು ಹೊಗಳಲಾರೆ. ಒಂದು ಸೂಕ್ಷ್ಮದರ್ಶಕ ಇದ್ದಿದ್ದರೆ ಆ ಹುಡುಗಿ ಹುಳುವಿನ ಉಸಿರಿನ ರಂಧ್ರಗಳನ್ನೂ ಕಣ್ತುಂಬ ನೋಡುತ್ತಿದ್ದಳು. ಮಸ್ಕತ್ತಿನ ಮಗುವಿಗೆ ಸಿಕ್ಕಿದ್ದು ಅವಳಿಗೂ ಸಲ್ಲಬೇಕು. ಆದರೆ ಅಲ್ಲಿ ಪಾಠವನ್ನು ನಾನೇ ಹೊತ್ತು ತರುತ್ತಿದ್ದೆ. ಇಲ್ಲಿ ಅರ್ಧ ಪಾಠ ಮಕ್ಕಳ ಮನೆಯಿಂದ ಬರುತ್ತದೆ. ಅದನ್ನು ಗುರುತಿಸಿ, ಅದಕ್ಕೊಂದು ‘ಏಕೆ’ ಸೇರಿಸುವುದೇ ನನ್ನ ಕಸುಬು.

ಹುಳು ತಂದ ಮಾರನೆಯ ದಿನ ಬೆಲ್ಲಿಗೂ ಮುಂಚೆ ಆ ಹುಡುಗಿ ಓಡಿ ಬಂದಳು. “ಜ್ವರ ಎದ್ದವೆ ಸಾರ್! ತಲೆ ದಪ್ಪ ಆಗೈತೆ!” ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ. ಚಿಕ್ಕ ತಲೆಯ ಹುಳು ಒಂದು, ದೊಡ್ಡ ತಲೆಯದು ಒಂದು ಬರೆದಳು. ಆ ಸಂಜೆ ಹಲಗೆ ಒರೆಸಲು ನನಗೆ ಮನಸ್ಸಾಗಲಿಲ್ಲ.