ನಾಲ್ಕನೇ ಚಕ್ರ

ಕಾರು ನೋಡಲು ಬಂದ ಮಾಸ್ತರರು ಬಾನೆಟ್ ತೆಗೆಸಲಿಲ್ಲ. ಸೀದಾ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅಲಾಯ್ ವೀಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ಹೊರಗ ಕಾಣೋದನ್ನ ಹಿಂಗ ಇಟ್ಟೀರಿ ಅಂದ್ರ ಒಳಗ ಹೆಂಗ ಇಟ್ಟೀರೋ ಸರ" ಎಂದರು. ಅವರ ತಾಯಿಗೆ ವಾರಕ್ಕೆ ಎರಡು ಸಲ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್. ಅದಕ್ಕೇ ಕಾರು ಬೇಕಿತ್ತು. ನಾನು ಹೇಳಿದ ರೇಟಿನಲ್ಲಿ 15 ಸಾವಿರ ಇಳಿಸಿ, ಭಾನುವಾರ ಬರುತ್ತೇನೆಂದು ಹೋದರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಸೆಕೆಂಡ್ ಹ್ಯಾಂಡ್ ಕಾರನ್ನು ನಾಲ್ಕು ವರ್ಷ ಹಾವೇರಿಯಿಂದ ಹಾನಗಲ್, ಹಿರೇಕೆರೂರು, ಶಿಗ್ಗಾಂವಿ ಅಂತ ಓಡಿಸಿದ್ದೆ. ಕಚೇರಿಗಳ ಮುಂದಿನ ಫುಟ್‌ಪಾತ್ ಕಲ್ಲಿಗೆ ಉಜ್ಜಿ ನಾಲ್ಕೂ ಚಕ್ರದ ಅಂಚು ಇಲಿ ಕಡಿದ ರೊಟ್ಟಿಯ ಹಾಗಾಗಿತ್ತು. ಆದರೆ 15 ಸಾವಿರ ಅಂದರೆ ನನ್ನಂಥ ಸ್ಟ್ರಿಂಗರ್‌ಗೆ ಎರಡು ತಿಂಗಳ ಸುದ್ದಿ. ಪೇಂಟಿಂಗ್ ಅಂಗಡಿಯವರು ಚಕ್ರಕ್ಕೆ 2,500 ರೂಪಾಯಿ ಕೇಳಿದರು. ಮನೆಯಲ್ಲೇ ಮಾಡೋಣ ಅಂತ ಎಮರಿ ಪೇಪರ್, ಪುಟ್ಟಿ, ಪ್ರೈಮರ್, ಸ್ಪ್ರೇ ಕ್ಯಾನ್ ತಂದೆ.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ದಿನಕ್ಕೊಂದು ಚಕ್ರ ಬಿಚ್ಚಿ ಆ ಜಾಗಕ್ಕೆ ಸ್ಟೆಪ್ನಿ ಹಾಕುತ್ತಿದ್ದೆ. ಮೊದಲು ಸೋಪಿನ ನೀರಿನಲ್ಲಿ ಬ್ರೇಕಿನ ಕರಿ ಪುಡಿ ಹೋಗುವ ತನಕ ತೊಳೆಯಬೇಕು. ಕೆಲವರು ಬಾತ್‌ರೂಮಿನ ಆ್ಯಸಿಡ್ ಹಾಕುತ್ತಾರೆ, ಹಾಕಬೇಡಿ. ಅಲಾಯ್ ಎಂದರೆ ಬಹುಪಾಲು ಅಲ್ಯೂಮಿನಿಯಂ, ಜೊತೆಗೆ ಒಂದಿಷ್ಟು ಸಿಲಿಕಾನ್. ಆ್ಯಸಿಡ್ ಅದನ್ನು ತಿನ್ನುತ್ತದೆ. ಸ್ಟೀಲ್ ಉಲ್ಲನ್ನಿನಿಂದಲೂ ತಿಕ್ಕಬಾರದು, ಸಿಕ್ಕಿಕೊಂಡ ಕಬ್ಬಿಣದ ಚೂರು ಆಮೇಲೆ ತುಕ್ಕು ಹಿಡಿಯುತ್ತದೆ. ಅಂಚಿನಲ್ಲಿ ಬಿಳಿ ಹುಳು ಹರಿದಂತೆ ಕಾಣುವುದು ಕೊಳೆಯಲ್ಲ. ಮೇಲಿನ ಕ್ಲಿಯರ್ ಕೋಟ್ ಒಡೆದ ಕಡೆ ನೀರು ಒಳಗಿಳಿದು ಲೋಹ ಸವೆದ ಗುರುತು. ಅದು ಪೂರ್ತಿ ಹೋಗದೆ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಬಣ್ಣ ಎದ್ದು ಬರುತ್ತದೆ.

240 ನಂಬರಿನ ಪೇಪರ್‌ನಿಂದ ಶುರು ಮಾಡಿ 400, ಆಮೇಲೆ 800. ನೀರು ಹಾಕಿಕೊಂಡೇ ತಿಕ್ಕಿದರೆ ಪುಡಿ ಮೂಗಿಗೆ ಬರುವುದಿಲ್ಲ. ಆಳದ ಗೀರಿಗೆ ಮಾತ್ರ ತೆಳುವಾಗಿ ಪುಟ್ಟಿ. ಟೈಯರಿಗೆ ಬಣ್ಣ ತಾಗದಂತೆ ಉದ್ಘಾಟನೆ, ಸನ್ಮಾನಗಳ ಆಹ್ವಾನ ಪತ್ರಿಕೆಗಳನ್ನು ಕತ್ತರಿಸಿ ರಿಮ್ಮಿನ ಸುತ್ತ ಸಿಗಿಸಿದೆ. ವರ್ಷಗಟ್ಟಲೆ ಕೂಡಿಟ್ಟ ಕಾರ್ಡುಗಳು ಮೊದಲ ಸಲ ಉಪಯೋಗಕ್ಕೆ ಬಂದವು. ಪ್ರೈಮರ್, ಬಣ್ಣ, ಕ್ಲಿಯರ್ ಮೂರನ್ನೂ ಒಂದು ಗೇಣು ದೂರದಿಂದ ತೆಳುವಾಗಿ, ನಡುವೆ ಒಣಗಲು ಬಿಟ್ಟು ಹೊಡೆಯಬೇಕು. ನಟ್ ಕೂರುವ ಜಾಗಕ್ಕೂ ಹಬ್ಬಿಗೆ ತಾಗುವ ಹಿಂಭಾಗಕ್ಕೂ ಬಣ್ಣ ಬೀಳಬಾರದು. ಬಿದ್ದ ಬಣ್ಣ ಒತ್ತಡಕ್ಕೆ ಕುಗ್ಗಿ ನಟ್ ಸಡಿಲಾಗುತ್ತದೆ. ಲೇತಿನಲ್ಲಿ ಕಡೆದ ಡೈಮಂಡ್ ಕಟ್ ಚಕ್ರವಾದರೆ ಇದೆಲ್ಲ ಬೇಡ, ಆ ಗೆರೆಗಳು ಕೈಯಿಂದ ತಿರುಗಿ ಬರುವುದಿಲ್ಲ. ನನ್ನವು ಸಾದಾ ಬೆಳ್ಳಿ ಬಣ್ಣದವು.

ಮೂರು ಚಕ್ರ ಹೊಸದರಂತಾದವು. ಗುರುವಾರ ನಾಲ್ಕನೆಯದನ್ನು ಬಿಚ್ಚಿದೆ. ಇದು ಕೊಂಡ ದಿನದಿಂದಲೂ ಎರಡು ವಾರಕ್ಕೊಮ್ಮೆ ಗಾಳಿ ಕೇಳುತ್ತಿದ್ದ ಚಕ್ರ. ಹಿಂಬದಿಯ ಒಳಮೈಯನ್ನು ತಿಕ್ಕುವಾಗ, ಕಪ್ಪು ನೀರು ಇಳಿಯಬೇಕಾದ ಕಡೆ ಮಣ್ಣು ಬಣ್ಣದ ನೀರು ಇಳಿಯಿತು. ಅದು ಅಲ್ಯೂಮಿನಿಯಂ ಅಲ್ಲ, ಪುಟ್ಟಿ. ನನಗಿಂತ ಮೊದಲೇ ಯಾರೋ ಅಲ್ಲಿ ಕೈಯಾಡಿಸಿದ್ದರು.

ಪಂಕ್ಚರ್ ಅಂಗಡಿಯ ಚಾಚಾನ ಹತ್ತಿರ ಒಯ್ದೆ. ಅವರು ಗಾಳಿ ಬಿಟ್ಟು, ಪುಟ್ಟಿ ಇದ್ದ ಜಾಗ ಕೆರೆದು, ಸೀಮೆಎಣ್ಣೆ ಹಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರು. ಚಹಾ ಕುಡಿಯುವಷ್ಟರಲ್ಲಿ ಬಿಳಿ ಪುಡಿಯ ಮೇಲೆ ಕೂದಲಿನಂಥ ಒದ್ದೆ ಗೆರೆ ಮೂಡಿತು, ನಾಲ್ಕು ಬೆರಳಿನಷ್ಟು ಉದ್ದ. ಬಿರುಕಿನೊಳಗೆ ಇಳಿದ ಎಣ್ಣೆಯನ್ನು ಸುಣ್ಣ ಎಳೆದು ತೋರಿಸುತ್ತದೆ. ಹಿಂದೆ ರೈಲ್ವೆ ವರ್ಕ್‌ಶಾಪ್‌ಗಳಲ್ಲೂ ಇದೇ ಉಪಾಯದಿಂದ ಬಿರುಕು ಹುಡುಕುತ್ತಿದ್ದರು.

"ವೆಲ್ಡಿಂಗ್ ಮಾಡಿಸಿದ್ರ?" ಎಂದೆ.

"ಕಾಸಿದ ಕಡೆ ಲೋಹದ ಕಸುವು ಹೋಗತೈತ್ರಿ ಸರ. ಪುಟ್ಟಿ ಹಚ್ಚಿದ್ರ ಗಾಳಿ ನಿಲ್ತೈತಿ. ಗುಂಡಿಗೆ ಬಿದ್ದಾಗ ಚಕ್ರ ನಿಲ್ಲಂಗಿಲ್ಲ."

ಇಷ್ಟು ಕೇಳಿಯೂ ಮನೆಗೆ ಬಂದು ಆ ಬಿರುಕಿಗೆ ಪುಟ್ಟಿ ಹಚ್ಚಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಚ್ಚಿದ್ದು ನಿಜ. ಒಣಗಿಸಿ, ತಿಕ್ಕಿ, ಪ್ರೈಮರ್ ಕೂಡ ಹೊಡೆದೆ. ನಾಲ್ಕು ವರ್ಷ ತಡೆದಿದೆ, ಇನ್ನು ಮೇಲೂ ತಡೆಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವಾಗಲೇ ಆ ಮಾತನ್ನು ಹಿಂದೆ ಎಲ್ಲೋ ಕೇಳಿದ ನೆನಪಾಯಿತು. ಒಂದು ಹಳ್ಳಿಯ ಶಾಲೆಯಲ್ಲಿ ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿ, ಸುಣ್ಣ ಬಳಿದು ಬಿಲ್ ಎತ್ತಿದ್ದನ್ನು ನಾನು ಬರೆದಿದ್ದೆ. ಆ ಗುತ್ತಿಗೆದಾರ ಫೋನ್ ಮಾಡಿ, "ನಾಲ್ಕು ವರ್ಷದಿಂದ ನಿಂತೈತಿ ಸರ, ಇನ್ನೇನ್ ಬೀಳತೈತಿ?" ಎಂದಿದ್ದ. ಅವತ್ತು ಅವನ ಮಾತನ್ನು ವರದಿಯಲ್ಲಿ ಹಾಗೇ ಹಾಕಿ, ಒಳ್ಳೆಯ ಕೋಟ್ ಸಿಕ್ಕಿತೆಂದು ಖುಷಿಪಟ್ಟಿದ್ದೆ.

ರಾತ್ರಿ ನಿದ್ದೆ ಬರಲಿಲ್ಲ. ಹುಬ್ಬಳ್ಳಿ ಹೈವೇ, ಹಿಂದಿನ ಸೀಟಿನಲ್ಲಿ ಮಲಗಿದ ಮುದುಕಿ, ಕತ್ತಲಲ್ಲಿ ಒಂದು ಗುಂಡಿ. ನಾಲ್ಕು ವರ್ಷ ಅದೇ ಚಕ್ರದ ಮೇಲೆ ನನ್ನ ಮಗಳನ್ನೂ ಕೂರಿಸಿಕೊಂಡು ಓಡಾಡಿದ್ದೇನೆ ಎಂಬುದು ಆಗ ಹೊಳೆಯಿತು. ಬೆಳಿಗ್ಗೆ ಎದ್ದು ಪುಟ್ಟಿ ಕೆರೆದು ತೆಗೆದೆ.

ಭಾನುವಾರ ಮಾಸ್ತರರು ಬಂದಾಗ ಕಾರಿಗೆ ಮೂರು ಹೊಳೆಯುವ ಚಕ್ರ, ಒಂದು ಕಪ್ಪು ಸ್ಟೆಪ್ನಿ. ಬಿರುಕಿನ ಚಕ್ರವನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಅವರು ಬಿರುಕಿನ ಮೇಲೆ ಬೆರಳಾಡಿಸುತ್ತ ಕೇಳಿದರು: "ನೀವು ಹೇಳದಿದ್ರ ನನಗ ಗೊತ್ತಾಗತಿತ್ತೇನ್ರಿ?"

"ಇಲ್ರಿ."

ಇನ್ನು ಬರುವುದಿಲ್ಲ ಅಂದುಕೊಂಡೆ. ಅವರು ಅವತ್ತೇ ಮೆಕ್ಯಾನಿಕ್ ಒಬ್ಬರನ್ನು ಕರೆತಂದು ಉಳಿದ ಮೂರನ್ನೂ ಬಿಚ್ಚಿಸಿ ನೋಡಿದರು. ನೋಡಬೇಕಾದ್ದೇ. ಕೊನೆಗೆ, ಬೇರೆ ಚಕ್ರಕ್ಕೆಂದು 6 ಸಾವಿರ ಮುರಿದುಕೊಂಡು ಕಾರು ಒಯ್ದರು. ಎಮರಿ ಪೇಪರ್, ಬಣ್ಣದ ಖರ್ಚು ಕಳೆದರೆ ನನಗೆ ಉಳಿದದ್ದು 7 ಸಾವಿರಕ್ಕೆ ತುಸು ಕಡಿಮೆ.

ಬಿರುಕಿನ ಚಕ್ರ ಗುಜರಿಗೆ ಹೋಯಿತು. ಅಲ್ಯೂಮಿನಿಯಂಗೆ ಒಳ್ಳೆಯ ರೇಟಿದೆ, ಆದರೆ ಹಾಗೇ ಕೊಟ್ಟರೆ ಇನ್ಯಾರೋ ಪುಟ್ಟಿ ಹಚ್ಚಿ ಮಾರಬಹುದು. ಅದಕ್ಕೆ ಹ್ಯಾಕ್ಸಾ ತೆಗೆದುಕೊಂಡು ಬಿರುಕಿನ ಜಾಗದಲ್ಲೇ ರಿಮ್ಮನ್ನು ಅಡ್ಡ ಕೊಯ್ದೆ. ನಾಲ್ಕು ವರ್ಷ ಓಡಿದ ಚಕ್ರ, ಕೊಯ್ಯಲು ಮುಕ್ಕಾಲು ಗಂಟೆ ಹಿಡಿಯಿತು.