ಕೋವಿಯ ಬಾರು

ಲಿವರ್ ಆಕ್ಷನ್ ರೈಫಲ್ಲಿಗೆ ಸ್ಲಿಂಗೇ, ಅಂದರೆ ಹೆಗಲಿಗೆ ಹಾಕುವ ಬಾರೇ, ಬೇಡ ಎನ್ನುವ ಬೇಟೆಗಾರರು ನಾನಿರುವ ಪೆನ್ಸಿಲ್ವೇನಿಯಾದಲ್ಲಿ ಬಹಳ ಮಂದಿ. ಅವರ ಮಾತಿನಲ್ಲಿ ಹುರುಳಿದೆ. ವಿಂಚೆಸ್ಟರ್ 94ನ್ನು ಲಿವರಿನ ತುಸು ಮುಂದೆ ಒಂದೇ ಕೈಯಲ್ಲಿ ಹಿಡಿದು ನಡೆದವರಿಗೆ ಅದರ ಸುಖ ಗೊತ್ತು. ರಿಸೀವರ್ ತೆಳ್ಳಗೆ, ಚಪ್ಪಟೆಯಾಗಿದೆ. ಪಕ್ಕಕ್ಕೆ ಚಾಚಿದ ಬೋಲ್ಟ್ ಹಿಡಿಕೆ ಇಲ್ಲ, ಕೆಳಗೆ ಇಳಿಬಿದ್ದ ಮ್ಯಾಗಜೀನ್ ಪೆಟ್ಟಿಗೆಯೂ ಇಲ್ಲ. ಮೂರು ಕಿಲೋ ತೂಕವಷ್ಟೂ ಅಂಗೈಯ ನಡುವಿಗೆ ಬಂದು ಕೂರುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ ಈ ಕೋವಿ ಕುದುರೆ ಸವಾರರ ಕಾಲದ್ದು. ಜೀನಿನ ಪಕ್ಕಕ್ಕೆ ಕಟ್ಟಿದ ಚರ್ಮದ ಒರೆಯಲ್ಲಿ ಅದು ಊರೂರು ಸುತ್ತಿತು. ಹಳೆಯ ಕಾರ್ಬೈನುಗಳ ಎಡಮಗ್ಗುಲಲ್ಲಿ ಒಂದು ಉಕ್ಕಿನ ಬಳೆಯೂ ಜೋತಾಡುತ್ತಿತ್ತು, ಅದೂ ಸವಾರನ ಅನುಕೂಲಕ್ಕೇ. ನಡೆದು ಹೋಗುವವನ ಹೆಗಲಿಗಾಗಿ ಕಾರ್ಖಾನೆಯವರು ಸಾಮಾನ್ಯ ಕಾರ್ಬೈನಿಗೆ ಒಂದು ಕೊಂಡಿಯನ್ನೂ ಇಡಲಿಲ್ಲ.

ಆದರೂ ನಾನು ಬಾರು ಹಾಕುತ್ತೇನೆ. ಆಸೆಪಟ್ಟು, ಅಳೆದು, ಕತ್ತರಿಸಿ, ಎಣ್ಣೆ ಹಚ್ಚಿ ಹಾಕುತ್ತೇನೆ.

ಯಾಕೆಂದರೆ ಇಲ್ಲಿನ ಬೇಟೆ ಗುಂಡು ಹಾರಿಸಿದಲ್ಲಿಗೆ ಮುಗಿಯುವುದಿಲ್ಲ. ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಕಳೆದ ಶನಿವಾರ ರೈಫಲ್ ಹಂಗಾಮು ಶುರುವಾಗುತ್ತದೆ. (2019ಕ್ಕೆ ಮುಂಚೆ ಅದು ಸೋಮವಾರವಿತ್ತು, ಹಳ್ಳಿಗಾಡಿನ ಎಷ್ಟೋ ಶಾಲೆಗಳಿಗೆ ಅಂದು ರಜೆ.) ಜಿಂಕೆ ಬೇಟೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ಲಿಗೆ ಈ ರಾಜ್ಯದಲ್ಲಿ ಅನುಮತಿ ಇಲ್ಲ. ಹಾಗಾಗಿ ಲಿವರಿನ, ಪಂಪಿನ ಕೋವಿಗಳು ಇಲ್ಲಿ ಮನೆಮನೆಯಲ್ಲೂ ಉಳಿದಿವೆ. ಉತ್ತರದ ಪಾಟರ್ ಕೌಂಟಿಯ ಕಾಡುಗಳು ಕಡಿದಾದ ಕಣಿವೆಗಳ ಕಾಡು. ಬೀಚ್, ಹೆಮ್ಲಾಕ್ ಮರಗಳ ಕೆಳಗೆ ಎದೆಮಟ್ಟದ ಮೌಂಟನ್ ಲಾರೆಲ್ ಪೊದೆ ಹೆಣೆದುಕೊಂಡಿರುತ್ತದೆ. ಅಂಥ ಕಣಿವೆಯ ತಳದಲ್ಲಿ ಒಂದು ಗಂಡು ಜಿಂಕೆ ಬಿತ್ತೆನ್ನಿ. ಅದಕ್ಕೆ ಟ್ಯಾಗ್ ಕಟ್ಟಿ, ಹೊಟ್ಟೆ ಸೀಳಿ ಕರುಳು ತೆಗೆದು, ಕೊಂಬಿಗೆ ಹಗ್ಗ ಬಿಗಿದು ದಾರಿಯವರೆಗೆ ಎಳೆದು ತರಬೇಕು. ಎರಡು ಕೈಯೂ ಹಗ್ಗಕ್ಕೇ ಬೇಕು. ಬಾರಿಲ್ಲದವನು ಕೋವಿಯನ್ನು ಮೇಲೆ ಒಂದು ಮರಕ್ಕೆ ಒರಗಿಸಿ ಬಂದು, ಜಿಂಕೆಯನ್ನು ಅಲ್ಲಿಯವರೆಗೆ ಎಳೆದು, ಮತ್ತೆ ಕೋವಿಯನ್ನು ಮುಂದೊಯ್ದು, ಹೀಗೆ ಒಂದೇ ಗುಡ್ಡವನ್ನು ಎರಡೆರಡು ಸಲ ಹತ್ತುತ್ತಾನೆ. ಬಾರಿದ್ದವನು ತೋಟೆಗಳನ್ನೆಲ್ಲ ತೆಗೆದು, ಖಾಲಿ ಕೋವಿಯನ್ನು ಬೆನ್ನಿಗೆ ಅಡ್ಡಲಾಗಿ ಹಾಕಿಕೊಂಡು ಹಗ್ಗ ಹಿಡಿಯುತ್ತಾನೆ.

ಬಾರು ಬೇಕಾಗುವುದು ಕೈಗೆ ಬೇರೆ ಕೆಲಸ ಬಂದಾಗ. ಅದನ್ನು ಆರಿಸುವಾಗ ನನ್ನ ಲೆಕ್ಕಾಚಾರವೆಲ್ಲ ಇದರಿಂದಲೇ ಹೊರಡುತ್ತದೆ. ಬೇಟೆ ನಡೆದಿರುವಷ್ಟು ಹೊತ್ತು ಕೋವಿ ಕೈಯಲ್ಲೇ ಇರಬೇಕು, ಬಾರು ಎಲ್ಲೂ ಅಡ್ಡ ಬರಬಾರದು. ಲಾರೆಲ್ ಪೊದೆಗೆ ನುಗ್ಗುವ ಮೊದಲು ಅದನ್ನು ಬಿಚ್ಚಿ ಜೇಬಿಗೆ ಸೇರಿಸುವಂತಿರಬೇಕು. ಅಂಗಡಿಗಳಲ್ಲಿ ತೂಗುಹಾಕಿರುವ, ನಡುವೆ ಅಗಲವಾಗಿ ಉಬ್ಬಿ ಒಳಗೆ ಸ್ಪಂಜು ತುಂಬಿದ ಪಟ್ಟಿಗಳು ಭಾರದ ರೈಫಲ್ಲಿಗೆ, ದೊಡ್ಡ ದುರ್ಬೀನು ಹೊತ್ತ ಕೋವಿಗೆ ಸರಿ. ತೆಳ್ಳನೆಯ ಲಿವರ್ ಕೋವಿಗೆ ಅವು ಒಪ್ಪುವುದಿಲ್ಲ, ಜೇಬಿನಲ್ಲೂ ಹಿಡಿಸುವುದಿಲ್ಲ. ನೈಲಾನ್ ಪಟ್ಟಿ ಹಗುರ, ಅಗ್ಗ, ಮಳೆಗೆ ಹೆದರುವುದಿಲ್ಲ, ಆದರೆ ಜಾರುತ್ತದೆ. ಕಾನೂನಿನ ಪ್ರಕಾರ ಇಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ತೊಟ್ಟಿರಬೇಕು. ಆ ಕಿತ್ತಳೆ ಮೇಲಂಗಿಯೂ ನುಣುಪು, ನೈಲಾನೂ ನುಣುಪು. ಹತ್ತು ಹೆಜ್ಜೆಗೊಮ್ಮೆ ಹೆಗಲು ಕುಣಿಸಿ ಕೋವಿಯನ್ನು ಮೇಲಕ್ಕೇರಿಸುತ್ತ ನಡೆಯುವವನಿಗೆ ಕಾಡಿನ ಕಡೆ ಗಮನ ಎಲ್ಲಿಂದ ಬರಬೇಕು?

ಒಂದು ಇಂಚು ಅಗಲದ, ಮೂರು ಮಿಲಿಮೀಟರಿಗಿಂತ ಸ್ವಲ್ಪ ದಪ್ಪನೆಯ ಚರ್ಮ ನನ್ನ ಆಯ್ಕೆ. ಅದೂ ತೊಗಟೆಯ ಒಗರಿನಲ್ಲಿ ಹದ ಮಾಡಿದ್ದು. ಪೆನ್ಸಿಲ್ವೇನಿಯಾಕ್ಕೂ ಚರ್ಮಕ್ಕೂ ಹಳೆಯ ನಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಹೆಮ್ಲಾಕ್ ಕಾಡುಗಳನ್ನು ಕಡಿದದ್ದು ಬಹುಮಟ್ಟಿಗೆ ತೊಗಟೆಗಾಗಿ, ಅದು ಹೋದದ್ದು ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ. ನಮ್ಮ ಬಯಲುಸೀಮೆಯಲ್ಲಿ ತಂಗಡಿ ತೊಗಟೆ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಹೆಮ್ಲಾಕ್ ಮಾಡಿತು. ನನ್ನ ಬಳಿ ಇರುವ ಚರ್ಮ ಕರ್ವೆನ್ಸ್‌ವಿಲ್ ಎಂಬ ಸಣ್ಣ ಊರಿನ ವಿಕೆಟ್ ಅಂಡ್ ಕ್ರೇಗ್ ಕಾರ್ಖಾನೆಯದು. ಕುದುರೆ ಸರಂಜಾಮಿಗೆ ಬಳಸುವಂಥದ್ದು. ಆಮಿಷ್ ಜನರ ಸರಂಜಾಮು ಅಂಗಡಿಯೊಂದರಲ್ಲಿ ಉದ್ದಕ್ಕೆ ಸೀಳಿಸಿಕೊಂಡು ಬಂದೆ. ಅದರ ಮೇಲ್ಮೈ ಮೇಣ ಸವರಿದಂತೆ ನುಣುಪು. ಮಾಂಸದ ಕಡೆಯ ಒಳಮೈ ಮಾತ್ರ ತುಸು ಒರಟು. ಆ ಒರಟು ಮೈಯನ್ನು ಹೆಗಲ ಕಡೆಗೆ ಇಟ್ಟರೆ ಬಾರು ಉಣ್ಣೆಯ ಕೋಟನ್ನೂ, ಆ ಕಿತ್ತಳೆ ಮೇಲಂಗಿಯನ್ನೂ ಕಚ್ಚಿ ಹಿಡಿಯುತ್ತದೆ. ಹೊಸ ಚರ್ಮ ಮೊದಲ ಹಂಗಾಮಿನಲ್ಲಿ ಹಿಗ್ಗುತ್ತದೆ. ಹಾಗಾಗಿ ಉದ್ದ ಹೊಂದಿಸುವ ತೂತುಗಳನ್ನು ಒಂದೆರಡು ಹೆಚ್ಚಾಗಿಯೇ ಹೊಡೆದಿಡುವುದು ಲೇಸು.

ಇನ್ನು ಜೋಡಿಸುವ ಕೆಲಸ. ಬೋಲ್ಟ್ ರೈಫಲ್ಲಾದರೆ ಬಾರಿನ ಕೊಂಡಿ ಸಿಕ್ಕಿಸಲು ಮುಂದಿನ ಮರಕ್ಕೆ ಒಂದು ಸ್ಟಡ್, ಹಿಂದಿನ ಮರಕ್ಕೆ ಒಂದು ಸ್ಟಡ್, ಮುಗಿಯಿತು. ಲಿವರ್ ಕೋವಿಯಲ್ಲಿ ನಳಿಗೆಯ ಕೆಳಗೆ ಉದ್ದಕ್ಕೂ ಮ್ಯಾಗಜೀನ್ ಕೊಳವೆ ಮಲಗಿದೆ. ತೋಟೆಗಳು ಅದರೊಳಗೆ ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ, ಹಿಂದಿನದರ ಮೂತಿ ಮುಂದಿನದರ ಪ್ರೈಮರಿಗೆ ತಾಗುವಂತೆ. ಈ ಕೋವಿಗಳಿಗೆ ಹಾಕುವ .30-30 ತೋಟೆಯ ಗುಂಡಿಗೆ ಚಪ್ಪಟೆ ಮೂತಿ ಇರುವುದು ಆ ಕಾರಣಕ್ಕೇ: ಚೂಪು ಲೋಹದ ಮೂತಿಯಿದ್ದರೆ ಕೋವಿ ಒದ್ದಾಗ ಕೊಳವೆಯೊಳಗೇ ತೋಟೆ ಸಿಡಿಯುವ ಅಪಾಯವಿದೆ. ಹೀಗೆ ಕೊಳವೆ ಜಾಗ ಹಿಡಿದಿರುವುದರಿಂದ ಮುಂದಿನ ಮರ ಬರೀ ಸಿಪ್ಪೆ, ತಿರುಪು ಕೂರುವಷ್ಟು ಮೈ ಅದಕ್ಕಿಲ್ಲ. ಆದ್ದರಿಂದ ಮುಂದಿನ ಕೊಂಡಿಗೆ ಕೊಳವೆಯನ್ನೇ ಸುತ್ತುವರಿದು ಕಚ್ಚುವ ಎರಡು ಹೋಳಿನ ಉಕ್ಕಿನ ಪಟ್ಟಿ ಸಿಗುತ್ತದೆ. ಅಂಕಲ್ ಮೈಕ್ಸ್ ಹೆಸರಿನ ಸೆಟ್ ಇಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು.

ಈ ಪಟ್ಟಿಯನ್ನು ಕೊಳವೆಯ ಮೇಲೆ ಎಲ್ಲಿ ಕೂರಿಸಬೇಕು ಎಂಬುದರಲ್ಲಿ ಬೇಟೆಗಾರನ ಅನುಭವ ಕಾಣುತ್ತದೆ. ಮರಕ್ಕೆ ಅಂಟಿದಂತೆ ಹಿಂದೆ ಕೂರಿಸಿದರೆ ಹೆಗಲಿಗೆ ಹಾಕಿದಾಗ ನಳಿಗೆ ತಲೆಗಿಂತ ಎತ್ತರಕ್ಕೆ ನಿಂತು ಕೊಂಬೆಕೊಂಬೆಗೂ ತಗಲುತ್ತದೆ, ಗುಂಡು ಹಾರಿದಾಗ ಕೊಂಡಿ ಎಡಗೈಯ ಬೆರಳಿಗೂ ಹೊಡೆಯಬಹುದು. ಮುಂದಕ್ಕೆ ಸರಿಸಿದಷ್ಟೂ ಕೋವಿ ಕೆಳಗಿಳಿದು ಬೆನ್ನಿಗೆ ಹತ್ತುತ್ತದೆ. ನಾನು ಮರದ ಅಂಚಿನಿಂದ ನಾಲ್ಕು ಬೆರಳು ಮುಂದೆ ಇಡುತ್ತೇನೆ. ಪಟ್ಟಿಯ ಒಳಗೆ ತೆಳು ಚರ್ಮದ ಒಂದು ಸುತ್ತು ಹಾಕಿದರೆ ಕೊಳವೆಯ ಉಕ್ಕಿನ ನೀಲಿ ಲೇಪ ಕೆರೆದುಹೋಗುವುದಿಲ್ಲ. ತಿರುಪನ್ನು ಬಿಗಿಯುವಾಗ ಕೈ ತಡೆದಿರಬೇಕು: ಕೊಳವೆಯ ತಗಡು ತೆಳ್ಳಗಿದೆ, ಒತ್ತಡಕ್ಕೆ ಒಂಚೂರು ಒಳಸರಿದರೂ ತೋಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಲು ಸುತ್ತು ಬಿಗಿ, ಡಮ್ಮಿ ತೋಟೆಗಳನ್ನು ತುಂಬಿ ಲಿವರ್ ಆಡಿಸು, ಮತ್ತೆ ಕಾಲು ಸುತ್ತು. ತೋಟೆಗಳು ಸರಾಗವಾಗಿ ಹಿಂದೆ ಸರಿದು ಬರುವ ಆ ಚಟಪಟ ಸದ್ದು ಕೇಳಿದರೆ ಕೆಲಸ ಸರಿಯಾಗಿದೆ ಎಂದು ಅರ್ಥ.

ಹಿಂದಿನ ಸ್ಟಡ್‌ಗೆ ಮರ ಕೊರೆಯಲೇಬೇಕು. ನನಗೆ ಇಡೀ ಕೆಲಸದಲ್ಲಿ ಅತಿ ಪ್ರಿಯವಾದದ್ದು ಇದೇ. ನನ್ನ ಲಿವರ್ ಕೋವಿಗಳಲ್ಲೊಂದಾದ ಮಾರ್ಲಿನ್ 336ರ ಬಟ್ಟಿನ, ಅಂದರೆ ಹಿಂದಿನ ಮರದ, ಕೆಳಮೈಯಲ್ಲಿ, ಎಷ್ಟೋ ಹಳೆಯ ಮಾರ್ಲಿನ್‌ಗಳಲ್ಲಿರುವಂತೆ, ಕಪ್ಪುಬಿಳುಪಿನ ಒಂದು ಪುಟ್ಟ ಬೊಟ್ಟು ಕೂರಿಸಿದ್ದಾರೆ. ಅದೇ ಮಾರ್ಲಿನ್‌ನ ಗುರುತು. (2020ರಲ್ಲಿ ಮಾರ್ಲಿನ್ ಹೆಸರನ್ನು ಕೊಂಡ ರೂಗರ್ ಕಂಪನಿ ಈಗ ಅದನ್ನು ಕೆಂಪುಬಿಳುಪು ಮಾಡಿದೆ.) ಸ್ಟಡ್ ಕೂರಬೇಕಾದದ್ದು ಆ ಬೊಟ್ಟಿಗೂ ಬಟ್ಟಿನ ತುದಿಗೂ ನಡುವೆ, ತುದಿಯಿಂದ ಸುಮಾರು ಎರಡೂವರೆ ಇಂಚಿನಲ್ಲಿ. ಕೋವಿ ಖಾಲಿಯಿದೆಯೆಂದು ಎರಡೆರಡು ಸಲ ನೋಡಿ, ಮಗುಚಿ, ಬಟ್ಟೆ ಸುತ್ತಿದ ಇಕ್ಕಳದಲ್ಲಿ ಕೂರಿಸುತ್ತೇನೆ. ಮರದ ಮೇಲೆ ಕಾಗದದ ಟೇಪು ಅಂಟಿಸಿ, ನಡುಗೆರೆ ಎಳೆದು, ದಬ್ಬಳದ ಮೊನೆಯಿಂದ ಒಂದು ಕುಳಿ ಒತ್ತುತ್ತೇನೆ. ಕರೆಂಟಿನ ಡ್ರಿಲ್ಲಿಗಿಂತ ಕೈಯಲ್ಲಿ ತಿರುಗಿಸುವ ಬೈರಿಗೆಯೇ ನನಗೆ ಮೆಚ್ಚು. ಅಲಗು ಓರೆಯಾದರೆ ಕೂಡಲೇ ಕೈಗೆ ತಿಳಿಯುತ್ತದೆ. ಎಷ್ಟು ಆಳ ಎಂಬುದಕ್ಕೆ ಅಲಗಿಗೇ ಟೇಪಿನ ಒಂದು ಸುತ್ತು. ವಾಲ್‌ನಟ್ ಮರದ ಪುಡಿ ಕಂದು ಬಣ್ಣದ ಸುರುಳಿಗಳಾಗಿ ಮೇಲೇಳುತ್ತದೆ, ಸ್ವಲ್ಪ ಕಹಿಯೆನಿಸುವ ಒಂದು ವಾಸನೆಯೊಂದಿಗೆ. ತಿರುಪಿಗೆ ಮೇಣದ ಬತ್ತಿ ಉಜ್ಜಿ, ಸ್ಟಡ್ಡಿನ ಕಣ್ಣಿಗೆ ಒಂದು ಮೊಳೆ ತೂರಿಸಿ ಅದನ್ನೇ ಹಿಡಿಕೆ ಮಾಡಿಕೊಂಡು ತಿರುಗಿಸಿದರೆ ಸ್ಟಡ್ ನಿಧಾನ ಒಳಗಿಳಿಯುತ್ತದೆ. ಕೊನೆಗೆ ಆ ಕಣ್ಣು ಕೋವಿಗೆ ಅಡ್ಡಲಾಗಿ ನಿಂತಿರಬೇಕು, ಕೊಂಡಿಯ ಕಡ್ಡಿ ಎಡದಿಂದ ಬಲಕ್ಕೆ ಹಾಯುವಂತೆ.

ವಿಂಚೆಸ್ಟರ್ ವಿಷಯ ಬೇರೆ. ನನ್ನದು 1964ಕ್ಕೆ ಮುಂಚಿನದು. ಆ ವರ್ಷ ಕಾರ್ಖಾನೆಯವರು ಖರ್ಚು ಉಳಿಸಲು ತಯಾರಿಕೆಯ ಕ್ರಮ ಬದಲಿಸಿದರು. ಅಂದಿನಿಂದ ಅದಕ್ಕೆ ಹಿಂದಿನ ಕೋವಿಗಳನ್ನು ಜನ ಜೋಪಾನ ಮಾಡುತ್ತಾರೆ. ಅಂಥ ಮರಕ್ಕೆ ಬೈರಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬೆಲೆ ಇಳಿಯುತ್ತದೆ ಎಂಬ ಮಾತು ಹಾಗಿರಲಿ, ನನಗಿಂತ ಮೊದಲು ಅದನ್ನು ಹಿಡಿದವರು ತೂತಿಲ್ಲದೆ ಉಳಿಸಿಕೊಟ್ಟಿದ್ದಾರೆ. ನಾನೂ ಹಾಗೆಯೇ ದಾಟಿಸಬೇಕು. ಅದಕ್ಕೆ ಬಟ್ಟಿಗೆ ಚರ್ಮದ ಕವಚ ತೊಡಿಸಿ, ಅಡಿಯಲ್ಲಿ ಚರ್ಮದ ದಾರದಿಂದ ಹೆಣೆದು ಬಿಗಿದಿದ್ದೇನೆ. ಬಾರಿನ ಹಿಂದಿನ ತುದಿ ಆ ಕವಚಕ್ಕೆ ಹೊಲಿದ ಬಳೆಯಲ್ಲಿ, ಮುಂದಿನ ತುದಿ ಕೊಳವೆಯನ್ನು ಸುತ್ತಿಬಂದ ಚರ್ಮದ ಕುಣಿಕೆಯಲ್ಲಿ. ಒಂದು ತಿರುಪೂ ಇಲ್ಲ, ಲೋಹದ ಕಿಣಿಕಿಣಿಯೂ ಇಲ್ಲ. ಕವಚದ ಮೇಲೆ ತೋಟೆ ಸಿಕ್ಕಿಸುವ ಕುಣಿಕೆಗಳಿರುವುದು ಚಂದ. ಆದರೆ ಹಂಗಾಮು ಮುಗಿದ ದಿನವೇ ತೋಟೆಗಳನ್ನು ಅಲ್ಲಿಂದ ತೆಗೆಯಬೇಕು, ಚರ್ಮದ ಒಗರಿಗೆ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ. ಕವಚವನ್ನೂ ಆಗಾಗ ಬಿಚ್ಚಿ ಒಳಗೆ ಸೇರಿದ ತೇವ ಒರೆಸಬೇಕು.

ಬಾರಿನ ಉದ್ದದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇರೆ ರೈಫಲ್ಲಿನಲ್ಲಿ ಬಾರು ಸಡಿಲವಾಗಿ ಜೋತರೆ ನಷ್ಟವೇನಿಲ್ಲ. ಇಲ್ಲಿ ಅದರ ತಗ್ಗು ಸರಿಯಾಗಿ ಲಿವರಿನ ಕೆಳಗೇ ಬರುತ್ತದೆ. ಎರಡನೆಯ ಗುಂಡಿಗೆ ಲಿವರನ್ನು ಕೆಳಗೆ ಚಾಚಿ ಎಳೆದಾಗ ಬಾರು ನಡುವೆ ಸಿಕ್ಕಿಕೊಂಡರೆ ಕೋವಿ ಮುಚ್ಚುವುದಿಲ್ಲ. ಹೆಗಲಿಗೆ ಬೇಕಾದಷ್ಟೇ ಉದ್ದ, ಅದಕ್ಕಿಂತ ಒಂದಂಗುಲವೂ ಬೇಡ. ಗುರಿ ಹಿಡಿಯುವಾಗ ಬಾರನ್ನು ತೋಳಿಗೆ ಸುತ್ತಿ ಬಿಗಿಯುವ ಸೈನ್ಯದ ಅಭ್ಯಾಸ ಒಳ್ಳೆಯದೇ, 1907ರ ಮಾದರಿಯ ಅಮೆರಿಕನ್ ಸೈನ್ಯದ ಚರ್ಮದ ಬಾರನ್ನು ಮಾಡಿದ್ದೇ ಹೊರಲಿಕ್ಕೂ ಗುರಿಗೂ ಸೇರಿಸಿ. ಆದರೆ ನಮ್ಮ ಕೋವಿಯಲ್ಲಿ ಆ ಎಳೆತ ತೆಳು ನಳಿಗೆಗೆ ಜೋಡಿಸಿದ ಕೊಳವೆಯ ಮೇಲೆ ಬೀಳುತ್ತದೆ, ಗುಂಡು ತಾಗುವ ಜಾಗ ಬದಲಾಗುತ್ತದೆ. ಮರಕ್ಕೆ ಒರಗಿ ಹೊಡೆಯುವುದೇ ವಾಸಿ.

ಕೆನ್ನೆತ್ ಆಂಡರ್ಸನ್‌ರ ಶಿಕಾರಿ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಓದಿ ಬೆಳೆದ ನಮಗೆ ಲಿವರ್ ಕೋವಿ ಹೊಸದೇನಲ್ಲ. ಬೆಂಗಳೂರಿನ ಆ ಶಿಕಾರಿ ಹಿಡಿದು ತಿರುಗಿದ್ದು .405 ವಿಂಚೆಸ್ಟರ್, 1895ರ ಮಾದರಿ, ಅದೂ ಬ್ರೌನಿಂಗ್ ಕೈಯದೇ. ಅದಕ್ಕೆ ಕೊಳವೆ ಇಲ್ಲ, ಲಿವರಿನ ಮುಂದೆ ಪೆಟ್ಟಿಗೆಯಂಥ ಮ್ಯಾಗಜೀನ್ ಇದೆ. ಅಂದರೆ 94ರಲ್ಲಿ ಕೈ ಕೂರುವ ಜಾಗವನ್ನೇ ಪೆಟ್ಟಿಗೆ ಆಕ್ರಮಿಸಿಕೊಂಡಿದೆ. ಹೊರಲು ಹೆಗಲೇ ಹಿತವೆನಿಸುವ ಲಿವರ್ ಕೋವಿ ಇದ್ದರೆ ಅದು 1895. ಒಂದು ದಿನ ಅಂಥದ್ದೊಂದಕ್ಕೆ ಬಾರು ಹೊಲಿಯಬೇಕೆಂಬ ಆಸೆ ನನಗಿದೆ.

ಕೊಡಗಿನ ನಮ್ಮ ಮನೆಯಲ್ಲಿ ಕೋವಿ ಇತ್ತು, ಆದರೆ ನಾನು ಹುಟ್ಟುವ ಹೊತ್ತಿಗೆ 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತ್ತು. ಆಯುಧಗಳ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. ಹಬ್ಬಕ್ಕೆ ಮುಂಚೆ ಅಜ್ಜ ಅದರ ಬಾರನ್ನು ಬಿಚ್ಚಿ, ಎಣ್ಣೆ ಸವರಿ, ಬಿಸಿಲು ತಾಗದಂತೆ ಜಗಲಿಯ ಮೂಲೆಯಲ್ಲಿ ಹರವುತ್ತಿದ್ದರು. ನನಗೆ ಮುಟ್ಟಲು ಬಿಡುತ್ತಿದ್ದದ್ದು ಬಾರನ್ನು ಮಾತ್ರ. ಬಾರಿನ ಮೇಲಿನ ಈ ಪ್ರೀತಿ ಅಲ್ಲಿಯದೇ ಇರಬೇಕು. ಅಜ್ಜನ ಹಾಗೆ ನಾನೂ ಹಂಗಾಮು ಮುಗಿದ ಮೇಲೆ ನೀಟ್ಸ್‌ಫುಟ್ ಎಣ್ಣೆಯನ್ನು ಬೆರಳಿನಿಂದಲೇ ತೀಡುತ್ತೇನೆ, ಕಡಿಮೆ ಕಡಿಮೆಯಾಗಿ. ಹೆಚ್ಚಾದರೆ ಚರ್ಮ ಬಳಬಳನೆ ಮೆತ್ತಗಾಗಿ ಹಿಗ್ಗುತ್ತದೆ.

ಮಗಳಿಗೆ ಈ ಸಲ ಹನ್ನೆರಡು ತುಂಬಿತು. ಬೇಟೆಗಾರರ ತರಬೇತಿ ಮುಗಿಸಿ ಲೈಸೆನ್ಸು ಪಡೆದಿದ್ದಾಳೆ, ಮಾರ್ಲಿನ್ ಅವಳ ಪಾಲಿಗೆ. ನನ್ನ ಬಾರು ಅವಳಿಗೆ ಉದ್ದ. ತನಗೆ ತೂತಿಗೆ ತಿರುಪು ಹಾಕಿ ಉದ್ದ ಹೊಂದಿಸುವ ಬಾರು ಬೇಡ, ಬೆಳೆದಂತೆ ಸರಿಸಿಕೊಳ್ಳಲು ಬಕಲ್ ಇರಲಿ ಎನ್ನುತ್ತಾಳೆ. ಬಕಲ್ ಮರಕ್ಕೆ ತಾಗಿ ಗೀರುತ್ತದೆ, ಸದ್ದೂ ಮಾಡುತ್ತದೆ ಎಂದು ನಾನು. ಕೊನೆಗೆ ಬಕಲನ್ನು ಹಿಂದಿನ ಕೊಂಡಿಯ ಹತ್ತಿರಕ್ಕೆ ಇಳಿಸಿ, ಅದರಡಿ ನಾಲಗೆಯಷ್ಟು ಉದ್ದದ ಚರ್ಮದ ತುಂಡೊಂದನ್ನು ಹೊಲಿಯುವುದೆಂದು ಮಾತಾಯಿತು. ದಪ್ಪ ಕೋಟು ತೊಡಿಸಿಯೇ ಅವಳ ಹೆಗಲಿನ ಅಳತೆ ತೆಗೆದಿದ್ದೇವೆ. ಬಣ್ಣ ಮಾತ್ರ ಇನ್ನೂ ತೀರ್ಮಾನವಾಗಿಲ್ಲ: ಅವಳಿಗೆ ಕಪ್ಪು ಬೇಕು, ನನಗೆ ಚರ್ಮದ ಸಹಜ ಕಂದೇ ಇಷ್ಟ.