ಕಲೆ ಒಂದು ಕಡೆ, ತೂತು ಇನ್ನೊಂದು ಕಡೆ

'ಮೇಲೊಂದು ವಾಲ್‌ಪೇಪರ್ ಅಂಟಿಸಿ ಮಾರಿಬಿಡು, ಯಾರಿಗ್ ಗೊತ್ತಾಗುತ್ತೆ?' ಅಂತ ಗೆಳೆಯರ ಸಲಹೆ. ಯಾರದೋ ಮಕ್ಕಳು ಅದರ ಕೆಳಗೇ ಮಲಗ್ತಾರಲ್ಲ ಮಾರಾಯ!

ಮಿಶಿಗನ್ನಿನ ಚಳಿಗಾಲ ಕಳೆಯುವಷ್ಟರಲ್ಲಿ ನಮ್ಮ ಹಳೇ ಕ್ಯಾಂಪರಿನ ಒಳಗೋಡೆಯ ಮೂಲೆಯಲ್ಲಿ ಅಂಗೈಯಗಲದ ಕಂದು ಕಲೆ. ಸ್ಕ್ರೂಡ್ರೈವರಿನಲ್ಲಿ ಒತ್ತಿದರೆ ಚಹಾದಲ್ಲಿ ನೆನೆದ ರಸ್ಕು. ಪ್ಯಾನೆಲ್ ಕಿತ್ತಾಗ ಹಿಂದಿನ ಮರದ ಪಟ್ಟಿ ಕಪ್ಪಾಗಿ ಪುಡಿಪುಡಿ ಉದುರಿತು. ಆದರೆ ನೀರು ಇಳಿದದ್ದು ಅಲ್ಲಿಂದಲ್ಲ. ಮಲೆನಾಡಲ್ಲಿ ಹೆಂಚು ಕೈಯಾಡಿಸುವವರಿಗೆ ಇದು ಗೊತ್ತು: ತೊಟ್ಟಿಕ್ಕುವ ಜಾಗ ಬೇರೆ, ಒಡೆದ ಹೆಂಚು ಬೇರೆ. ಇಲ್ಲೂ ಅಷ್ಟೇ. ನಾಲ್ಕಡಿ ಆಚೆ, ಛಾವಣಿಯ ವೆಂಟ್ ಸುತ್ತ ಸೀಲಂಟ್ ಬಿರುಕು ಬಿಟ್ಟಿತ್ತು. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತೆ. ಕೂದಲೆಳೆಯಷ್ಟಿದ್ದ ಸೀಳು ಪ್ರತಿ ಚಳಿಗಾಲಕ್ಕೂ ಅಗಲ ಆಗ್ತಾ ಹೋಗುತ್ತೆ.

ಹಳೇ ಸೀಲಂಟ್ ಕೆರೆದು, ಬ್ಯುಟೈಲ್ ಟೇಪ್ ಇಟ್ಟು ವೆಂಟ್ ಕೂರಿಸಿದ್ದು ಒಂದೇ ಮಧ್ಯಾಹ್ನದ ಕೆಲಸ. (ರಬ್ಬರ್ ಛಾವಣಿಗೆ ಮಾಮೂಲಿ ಸಿಲಿಕೋನ್ ಸರಿಯಾಗಿ ಹಿಡಿಯಲ್ಲ, ಬೇಡ.) ಕೊಳೆತ ಪಟ್ಟಿಯನ್ನೂ ಕತ್ತರಿಸಿ ಬದಲಾಯಿಸಿದ್ದಾಯ್ತು. ಒಣಗಿಸೋದೇ ಕಷ್ಟ. ಫ್ಯಾನು, ಡಿಹ್ಯೂಮಿಡಿಫೈಯರ್ ಹಗಲೂ ರಾತ್ರಿ ಓಡ್ತಿವೆ. ಮರದ ತೇವ 20% ಮೀರಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ಆ ಸ್ಥಿತಿಯಲ್ಲಿ ಹೊಸ ಪ್ಲೈವುಡ್ ಮುಚ್ಚಿದರೆ ವಾಲ್‌ಪೇಪರಿಗೂ ಅದಕ್ಕೂ ಏನು ವ್ಯತ್ಯಾಸ? 15ಕ್ಕೆ ಇಳಿಯೋವರೆಗೆ ಗೋಡೆ ಬಿಚ್ಚಿಯೇ ಇರುತ್ತೆ. ಮಗಳ ರಜೆಗೆ ಇನ್ನು ಒಂಬತ್ತು ದಿನ. ಮೀಟರ್ ಇವತ್ತು 18 ತೋರಿಸ್ತಿದೆ.